ಹಳೇ ವಿ-8 ಇಂಜಿನ್‌ಗೆ ಲಿಫ್ಟರ್ ಆರಿಸುವುದು

ಮೈಸೂರಿನಲ್ಲಿ ಬುಲೆಟ್ ರಿಪೇರಿ ಮಾಡುವವರು ಟ್ಯಾಪೆಟ್ ಅನ್ನುವುದನ್ನೇ ಇಲ್ಲಿ ಮಿಷಿಗನ್‌ನಲ್ಲಿ ಲಿಫ್ಟರ್ ಅನ್ನುತ್ತಾರೆ. ಕ್ಯಾಮ್ ಅನ್ನುವ ಉಬ್ಬುಗಳುಳ್ಳ ಶಾಫ್ಟ್ ತಿರುಗಿ ಉಬ್ಬು ಬಂದಾಗ ಮೇಲೆದ್ದು, ವಾಲ್ವ್ ತೆರೆಸುವ ಪುಷ್‌ರಾಡ್ ಅನ್ನುವ ಸರಳನ್ನು ತಳ್ಳುವ, ಹೆಬ್ಬೆರಳು ಗಾತ್ರದ ಲೋಹದ ತುಂಡು. ನನ್ನ ಗ್ಯಾರೇಜಿನಲ್ಲಿರುವುದು 1979ರ ಪಿಕಪ್‌ನಿಂದ ಇಳಿಸಿದ ಷೆವಿ (ಷೆವ್ರೊಲೆ) 350 ವಿ-8 ಇಂಜಿನ್. ಅದರಲ್ಲಿ ಇಂಥವು 16.

ಮೊದಲ ಸಲ ನಾನು ದುಡ್ಡು ಉಳಿಸಲು ಹೋದೆ. ಹೊಸ ಫ್ಲಾಟ್ ಟ್ಯಾಪೆಟ್ ಕ್ಯಾಮ್ (ಸಪಾಟಾಗಿ ಕಾಣುವ ತಳದ ಲಿಫ್ಟರ್‌ಗೆ ಮಾಡಿದ್ದು) ಹಾಕಿ, ಅದರ ಮೇಲೆ ಹಳೇ ಲಿಫ್ಟರ್‌ಗಳನ್ನೇ ಬಿಟ್ಟೆ. ಚೆನ್ನಾಗೇ ಇದ್ದವಲ್ಲ! ಒಂದೇ ವಾರಕ್ಕೆ ಟಕ್ ಟಕ್ ಶುರುವಾಯಿತು. ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿದರೆ ಕಾಗದದ ಮಡಿಕೆ ತುಂಬಾ ಬೆಳ್ಳಿ ಪುಡಿ. ಕ್ಯಾಮ್‌ನ ಒಂದು ಉಬ್ಬು ಸವೆದು ಗುಂಡಗಾಗಿತ್ತು.

ಆಗ ಕಲಿತದ್ದು ಇದು. ಫ್ಲಾಟ್ ಅಂತ ಹೆಸರಿದ್ದರೂ ಆ ಲಿಫ್ಟರ್‌ನ ತಳ ಸಪಾಟಲ್ಲ. ಮಧ್ಯದಲ್ಲಿ ಕೂದಲೆಳೆಯಷ್ಟು ಉಬ್ಬಿರುತ್ತದೆ, ಅದರಿಂದಲೇ ಅದು ಗಿರಗಿರ ತಿರುಗುತ್ತಾ ಸಮನಾಗಿ ಸವೆಯುತ್ತದೆ. ಎರಡು ಲಿಫ್ಟರ್ ತಳಕ್ಕೆ ತಳ ಇಟ್ಟು ಅಲುಗಿಸಿ. ಹೊಸವಾದರೆ ಸ್ವಲ್ಪ ತೂಗುತ್ತವೆ. ನನ್ನವು ಅಂಟಿಸಿದ ಹಾಗೆ ಕೂತಿದ್ದವು. ಒಂದು ಕ್ಯಾಮ್ ಜೊತೆ ಸವೆದ ಫ್ಲಾಟ್ ಲಿಫ್ಟರನ್ನು ಇನ್ನೊಂದು ಕ್ಯಾಮ್‌ಗೆ ಹಾಕಲೇಬಾರದು. ಆಯಿಲ್ ಕಡೆಗೂ ಗಮನ ಬೇಕು. ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಉಳಿಯಲಿ ಅಂತ ಈಗಿನ 5ಡಬ್ಲ್ಯೂ-30 ಪೆಟ್ರೋಲ್ ಕಾರ್ ಆಯಿಲ್‌ಗಳಲ್ಲಿ ಸವೆತ ತಡೆಯಲು ಜಿಂಕ್ ಜೊತೆ ಹಾಕುವ ಫಾಸ್ಫರಸ್‌ಗೆ 800 ಪಿಪಿಎಂ (ಹತ್ತು ಲಕ್ಷಕ್ಕೆ 800 ಭಾಗ) ಮಿತಿ ಇದೆ. ಫ್ಲಾಟ್ ಟ್ಯಾಪೆಟ್‌ಗೆ ಅದು ಸಾಲದು. ಜಿಂಕ್ ಜಾಸ್ತಿ ಇರುವ ಆಯಿಲ್ ಹುಡುಕಿ ಹಾಕಬೇಕು.

ಹಾಗಾದರೆ ಯಾವುದು ಆರಿಸಬೇಕು? ಮೊದಲು ಇಂಜಿನ್ ಎಷ್ಟು ಆರ್‌ಪಿಎಂ ಮುಟ್ಟಬೇಕು ಅಂತ ಪ್ರಾಮಾಣಿಕವಾಗಿ ಹೇಳಿಕೊಳ್ಳಿ. 6,000ದ ಆಸುಪಾಸು ಸಾಕೆಂದರೆ ಹೈಡ್ರಾಲಿಕ್ ರೋಲರ್, ಅಂದರೆ ತಳದಲ್ಲಿ ಪುಟ್ಟ ಚಕ್ರವಿರುವ ಲಿಫ್ಟರ್. ಒಳಗಿನ ಆಯಿಲ್ ತಾನೇ ಸಂದು ತುಂಬಿಕೊಳ್ಳುತ್ತದೆ, ಸಂದು ಅಳೆಯಲು ಪದೇ ಪದೇ ಫೀಲರ್ ಗೇಜ್ ಹಿಡಿಯುವ ಕೆಲಸವಿಲ್ಲ. 7,000 ದಾಟಿಸುವ ರೇಸ್ ಇಂಜಿನ್‌ಗೆ ಸಾಲಿಡ್ ರೋಲರ್, ಅಂದರೆ ಆಯಿಲ್‌ನಿಂದ ಸಂದು ತುಂಬಿಕೊಳ್ಳದ ಗಟ್ಟಿ ಲಿಫ್ಟರ್. ಆದರೆ ಅದಕ್ಕೆ ಬಿಗಿ ಸ್ಪ್ರಿಂಗ್ ಬೇಕು, ಸಿಗ್ನಲ್‌ನಲ್ಲಿ ಐಡಲ್ ಆಗುತ್ತಾ ನಿಂತರೆ ಚಕ್ರದ ಸೂಜಿ ಬೇರಿಂಗ್‌ಗೆ ಆಯಿಲ್ ಸಾಲದೆ ಪುಡಿಯಾಗುವ ಭಯ. ವಾರಕ್ಕೊಮ್ಮೆ ಐಸ್‌ಕ್ರೀಮ್ ತಿನ್ನಲು ಹೋಗುವ ಗಾಡಿಗೆ ಇದೆಲ್ಲ ಸುಮ್ನೆ ತಲೆನೋವು, ಅಲ್ವಾ?

ಬ್ಲಾಕ್ (ಇಂಜಿನ್‌ನ ಮುಖ್ಯ ಎರಕದ ಒಡಲು) ನೋಡುವುದು ಆಮೇಲೆ. 1987ರಿಂದ ಷೆವಿ ಕಾರುಗಳ 350 ಕಾರ್ಖಾನೆಯಿಂದಲೇ ರೋಲರ್ ಜೊತೆ ಬಂತು. ಟ್ರಕ್‌ಗಳಲ್ಲಿ ಆಮೇಲೂ ಫ್ಲಾಟ್ ಇತ್ತು. ಹಾಗಾಗಿ ವರ್ಷ ನಂಬಬೇಡಿ, ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ ಒಳಬಿಡುವ ಮೇಲಿನ ಭಾಗ) ಬಿಚ್ಚಿ ಕಣ್ಣಾರೆ ನೋಡಿ. ನನ್ನಂಥ ಹಳೇ ಬ್ಲಾಕ್‌ಗೆ, ಎರಡೆರಡನ್ನು ಪಟ್ಟಿಯಿಂದ ಜೋಡಿಸಿದ ರೋಲರ್ ಲಿಫ್ಟರ್ ಬೇಕು. ಚಕ್ರ ಓರೆಯಾಗದಂತೆ ಆ ಪಟ್ಟಿ ತಡೆಯುತ್ತದೆ. ನನ್ನ 350 ಸೇರಿದ ಸ್ಮಾಲ್ ಬ್ಲಾಕ್ ಷೆವಿಯಲ್ಲಿ ಲಿಫ್ಟರ್ ವ್ಯಾಸ 0.842 ಇಂಚು, ಫೋರ್ಡ್ ವಿ-8ಗಳಲ್ಲಿ 0.875. ಆರ್ಡರ್ ಮಾಡುವಾಗ ತಪ್ಪಬೇಡಿ.

ಲಿಫ್ಟರ್ ಬೆಲೆಯೊಂದನ್ನೇ ನೋಡಿ ಖುಷಿಪಡಬೇಡಿ. ರೋಲರ್ ಕ್ಯಾಮ್ ಬೇರೆ ಬೇಕು. ಲಿಫ್ಟರ್ ಎತ್ತರವಾಗಿರುವುದರಿಂದ ಪುಷ್‌ರಾಡ್ ಗಿಡ್ಡ ಬೇಕು. ಹಳೇ ಬ್ಲಾಕ್‌ನಲ್ಲಿ ರೋಲರ್ ಕ್ಯಾಮ್ ಮುಂದಕ್ಕೆ ಜಾರುತ್ತದೆ, ಅದನ್ನು ತಡೆಯಲು ಥ್ರಸ್ಟ್ ಬಟನ್ ಬೇಕು. ನಾನು ಅದೊಂದನ್ನು ಮರೆತು, ಟೈಮಿಂಗ್ ಕವರನ್ನು ಎರಡು ಸಲ ಬಿಚ್ಚಿದೆ.

ಕೂರಿಸುವಾಗ ಪುಷ್‌ರಾಡನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸುತ್ತಾ ರಾಕರ್‌ನ (ವಾಲ್ವ್ ಒತ್ತುವ ತೋಳಿನ) ನಟ್ ಬಿಗಿ ಮಾಡಿ. ಆಟ ನಿಂತ ಕ್ಷಣವೇ ಸೊನ್ನೆ. ಹೈಡ್ರಾಲಿಕ್ ಆದರೆ ಅಲ್ಲಿಂದ ಸುಮಾರು ಅರ್ಧ ಸುತ್ತು, ಅಥವಾ ಲಿಫ್ಟರ್ ಪೆಟ್ಟಿಗೆಯೊಳಗಿನ ಚೀಟಿ ಹೇಳಿದಷ್ಟು. ಕೊನೆಗೆ ಡಿಸ್ಟ್ರಿಬ್ಯೂಟರ್ ತೂತಿನಿಂದ ಪ್ರೈಮಿಂಗ್ ರಾಡ್ ಇಳಿಸಿ, ಡ್ರಿಲ್‌ನಿಂದ ಆಯಿಲ್ ಪಂಪ್ ತಿರುಗಿಸಿ. ಇನ್ನೊಬ್ಬರು ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸುತ್ತಿರಲಿ. 16 ರಾಕರ್‌ಗಳಲ್ಲೂ ಆಯಿಲ್ ಒಸರಬೇಕು. ಒಂದು ಒಣಗಿದ್ದರೂ ಕೀ ಮುಟ್ಟಬೇಡಿ.