ಒಂದೊಂದು ಕೋಣೆಗೆ ಒಂದೊಂದು ಬಣ್ಣ: ಹೇಗೆ ಹೊಂದಿಸುವುದು?

ದಸರಾ ಮುಗಿದು ದೀಪಾವಳಿ ಹತ್ತಿರ ಬಂದರೆ ಪೇಂಟರ್‌ಗಳು ಕೈಗೆ ಸಿಗುವುದಿಲ್ಲ. ಸಿಕ್ಕಿದ ದಿನ ‘ಶೇಡ್ ನಂಬರ್ ಹೇಳಿ ಸಾರ್’ ಎಂದು ನಿಂತುಬಿಡುತ್ತಾರೆ. ಆಗ ಮನೆಮಂದಿಯೆಲ್ಲ ಶೇಡ್ ಕಾರ್ಡ್ ಹರಡಿಕೊಂಡು, ಮಗಳ ರೂಮಿಗೆ ಲ್ಯಾವೆಂಡರ್, ಮಗನಿಗೆ ನೀಲಿ, ಹಾಲ್‌ಗೆ ಹಳದಿ, ಅಡುಗೆಮನೆಗೆ ಪಿಸ್ತಾ ಎಂದು ಹಂಚಿಬಿಡುತ್ತಾರೆ. ಬೇರೆ ಬೇರೆಯಾಗಿ ನೋಡಿದರೆ ಎಲ್ಲವೂ ಚೆಂದವೇ. ಆದರೆ ನಮ್ಮ ಬಹುತೇಕ ಮನೆಗಳಲ್ಲಿ ಕೋಣೆಗಳ ಬಾಗಿಲೆಲ್ಲ ಹಾಲ್‌ಗೇ ತೆರೆಯುತ್ತವೆ, ಅಲ್ವಾ? ಸೋಫಾ ಮೇಲೆ ಕೂತವರಿಗೆ ನಾಲ್ಕೂ ಬಣ್ಣ ಒಟ್ಟಿಗೇ ಕಣ್ಣಿಗೆ ಹೊಡೆಯುತ್ತವೆ.

ಹಾಗಾಗಿ ಮೊದಲ ಹಂತದಲ್ಲಿ ಶೇಡ್ ಕಾರ್ಡ್ ಮುಟ್ಟಲೇಬೇಡಿ. ಬಾಗಿಲೆಲ್ಲ ತೆರೆದಿಟ್ಟು ಹಾಲ್ ಮಧ್ಯೆ ನಿಂತು, ಎಲ್ಲಿಂದ ಯಾವ ಗೋಡೆ ಕಾಣುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಟ್ಟಿಗೆ ಕಾಣುವ ಗೋಡೆಗಳು ಒಂದೇ ಮನೆತನದ ಬಣ್ಣಗಳಾಗಿರಲಿ. ಯಾವುದರ ಜೊತೆಗೂ ಕಾಣದ ಕೋಣೆಗೆ ಏನು ಬೇಕಾದರೂ ಬಳಿಯಿರಿ, ಕೇಳುವವರಿಲ್ಲ.

ಎರಡನೆಯದು, ನೆಲ ನೋಡಿ. ಗೋಡೆಗೆ ಬೇರೆ ಬಣ್ಣ ಬಳಿಯಬಹುದು, ನೆಲ ಸುಲಭಕ್ಕೆ ಬದಲಾಗುವುದಿಲ್ಲ. ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ಬಿಸಿಲು ಬಿದ್ದರೆ ಗೋಡೆಯ ಕೆಳಭಾಗಕ್ಕೆಲ್ಲ ಕೆಂಪು ಛಾಯೆ ಚೆಲ್ಲುತ್ತದೆ. ಅಂಥ ಕಡೆ ತಿಳಿ ಹಸಿರು ಬಳಿದರೆ ಮಂಕಾಗಿ ಕಾಣುತ್ತದೆ, ಕೆನೆ ಬಣ್ಣ ಒಪ್ಪುತ್ತದೆ. ಸೀಲಿಂಗ್ ಮನೆಯಿಡೀ ಬಿಳಿ ಇರಲಿ, ಬಾಗಿಲು-ಚೌಕಟ್ಟುಗಳಿಗೆಲ್ಲ ಒಂದೇ ಬಣ್ಣ ಇರಲಿ. ಇದರಲ್ಲಿ ನನ್ನದು ರಾಜಿಯೇ ಇಲ್ಲ. ಕೋಣೆಗಳ ಬಣ್ಣ ಎಷ್ಟೇ ಬೇರೆಯಿದ್ದರೂ ಈ ಎರಡು ಅವನ್ನು ಕಟ್ಟಿ ಹಿಡಿಯುತ್ತವೆ.

ಈಗ ಶೇಡ್ ಆರಿಸಿ. ಮೊಬೈಲ್ ಆ್ಯಪ್‌ನಲ್ಲಿ ಗೋಡೆಗೆ ಬಣ್ಣ ಹಚ್ಚಿ ತೋರಿಸುವುದನ್ನು ನಂಬಬೇಡಿ, ಪರದೆಯ ಬೆಳಕೇ ಬೇರೆ. ಅಂಗಡಿಯಲ್ಲಿ ಸ್ಯಾಂಪಲ್ ಡಬ್ಬಿ ಸಿಗುತ್ತದೆ. ಅದನ್ನು ನೇರ ಗೋಡೆಗೆ ಬಳಿಯುವ ಬದಲು ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಹಚ್ಚಿ. ಸುತ್ತ ಬಿಳಿ ಅಂಚು ಬಿಟ್ಟರೆ ಹಳೆ ಗೋಡೆಯ ಬಣ್ಣ ಕಣ್ಣನ್ನು ದಾರಿ ತಪ್ಪಿಸುವುದಿಲ್ಲ. ಒಣಗಿದ ಮೇಲೆ ಬೆಳಗ್ಗೆ, ಸಂಜೆ, ರಾತ್ರಿ ದೀಪ ಹಾಕಿ ನೋಡಿ. ಬಲ್ಬಿನ ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಬಲ್ಬಿನಡಿ ಕೆನೆ ಬಣ್ಣ ಕಳೆಗುಂದುತ್ತದೆ. 3000ದ ಹಳದಿ ಬಲ್ಬಿನಡಿ ಬೂದು ಬಣ್ಣ ಹಳದಿಗೆ ತಿರುಗುತ್ತದೆ. ಆಮೇಲೆ ಎರಡು ಕೋಣೆಗಳ ಶೀಟುಗಳನ್ನು ಬಾಗಿಲ ಆಚೆ ಒಂದು, ಈಚೆ ಒಂದು ಅಂಟಿಸಿ ದೂರದಿಂದ ನೋಡಿ. ಇಲ್ಲಿ ಜಗಳವಾಡುವ ಬಣ್ಣಗಳು ಗೋಡೆಯ ಮೇಲೂ ಜಗಳವಾಡುತ್ತವೆ. ಶೇಡ್ ಕಾರ್ಡಿನ ಚೂರಿಗಿಂತ ಇಡೀ ಗೋಡೆಯಲ್ಲಿ ಬಣ್ಣ ಗಾಢವಾಗಿಯೇ ಕಾಣುತ್ತದೆ. ಅದಕ್ಕೇ ಅನುಮಾನವಿದ್ದರೆ ಒಂದು ಮೆಟ್ಟಿಲು ತಿಳಿ ಶೇಡ್ ತಗೊಳ್ಳಿ.

ಪುಟ್ಟಿ, ಉಜ್ಜುವುದು, ಪ್ರೈಮರ್ ಎಲ್ಲ ಪೇಂಟರ್‌ಗೆ ಗೊತ್ತು. ಗೋಡೆಯಲ್ಲಿ ತೇವವಿದ್ದರೆ ಮಾತ್ರ ಅದನ್ನು ಮೊದಲು ಸರಿಮಾಡಿಸಿ. ಅಗ್ಗದ ಡಿಸ್ಟೆಂಪರ್ ಬೇಡ, ಒರಗಿದವರ ಅಂಗಿಗೆಲ್ಲ ಪುಡಿ ಅಂಟುತ್ತದೆ. ಒಂದು ಕೋಣೆಗೆ ಬೇಕಾದಷ್ಟನ್ನೂ ಒಂದೇ ಸಲ ಮಿಕ್ಸ್ ಮಾಡಿಸಿ.

ಎಲ್ಲರೂ ಎಡವುವುದು ಎರಡು ಬಣ್ಣ ಸೇರುವ ಗೆರೆಯಲ್ಲಿ. ಹಾಲ್ ಮತ್ತು ಡೈನಿಂಗ್ ನಡುವೆ ಗೋಡೆಯಿಲ್ಲದ ಮನೆಯಲ್ಲಂತೂ ಈ ಗೆರೆ ದಿನಾ ಕಣ್ಣಿಗೆ ಬೀಳುತ್ತದೆ. ಮೊದಲಿಗೆ, ಬಣ್ಣ ಬದಲಾಗುವುದು ಮೂಲೆಯಲ್ಲೋ ಕಂಬದ ಅಂಚಿನಲ್ಲೋ ಇರಲಿ, ಸಪಾಟು ಗೋಡೆಯ ನಡುವೆ ಬೇಡ. ತಿಳಿ ಬಣ್ಣವನ್ನು ಮೊದಲು ಮುಗಿಸಿ, ಗೆರೆ ದಾಟಿ ಒಂದಿಂಚು ಆಚೆಗೂ ಬಳಿಯಿರಿ. ಒಂದು ಇಡೀ ದಿನ ಒಣಗಲು ಬಿಡಿ, ಇಲ್ಲದಿದ್ದರೆ ಟೇಪ್ ಜೊತೆ ಬಣ್ಣವೂ ಕಿತ್ತು ಬರುತ್ತದೆ. ತಿಳಿ ಬಣ್ಣದ ಕಡೆ, ಗೆರೆಗೆ ಸರಿಯಾಗಿ ಮಾಸ್ಕಿಂಗ್ ಟೇಪ್ ಅಂಟಿಸಿ ಅಂಚನ್ನು ಉಗುರಿನಿಂದ ಚೆನ್ನಾಗಿ ಒತ್ತಿ. ಪಾರ್ಸೆಲ್ ಕಟ್ಟುವ ಕಂದು ಟೇಪ್ ತರಬೇಡಿ, ಅದು ಪುಟ್ಟಿಯನ್ನೇ ಎತ್ತಿಬಿಡುತ್ತದೆ.

ಈಗ ತುಂಬಾ ಜನ ಬಿಟ್ಟುಬಿಡುವ ಕೆಲಸ: ಗಾಢ ಬಣ್ಣ ಹಚ್ಚುವ ಮೊದಲು ಟೇಪಿನ ಅಂಚಿಗೆ ಅದೇ ತಿಳಿ ಬಣ್ಣವನ್ನು ಇನ್ನೊಂದು ಸಲ ತೆಳ್ಳಗೆ ಎಳೆಯಿರಿ. ಟೇಪಿನಡಿ ನುಸುಳುವುದಿದ್ದರೆ ಆ ತಿಳಿ ಬಣ್ಣವೇ ನುಸುಳಿ ಸಂದು ಮುಚ್ಚುತ್ತದೆ, ಕಾಣುವುದೂ ಇಲ್ಲ. ಅದು ಒಣಗಿದ ಮೇಲೆ ಗಾಢ ಬಣ್ಣ ಹಚ್ಚಿ. ಬ್ರಷ್ ಟೇಪಿನ ಕಡೆಯಿಂದ ಗೋಡೆಯ ಕಡೆಗೆ ಓಡಲಿ. ಕೊನೆ ಕೋಟ್ ಇನ್ನೂ ಸ್ವಲ್ಪ ಹಸಿಯಿರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ ಓರೆಯಾಗಿ, ನಿಧಾನಕ್ಕೆ ಎಳೆಯಿರಿ. ಪೇಂಟರ್ ‘ಟೇಪ್ ಯಾಕೆ ಸಾರ್, ಕೈಯಲ್ಲೇ ಲೈನ್ ಹೊಡೀತೀನಿ’ ಎನ್ನುತ್ತಾನೆ. ಕೈ ಪಳಗಿದವರಿದ್ದಾರೆ, ನಿಜ. ಮೊದಲು ಬಾಗಿಲ ಹಿಂದಿನ ಮೂಲೆಯಲ್ಲಿ ಹೊಡೆಸಿ ನೋಡಿ.

ಉಳಿದ ಬಣ್ಣವನ್ನು ಸಣ್ಣ ಡಬ್ಬಿಗೆ ಸುರಿದು, ಕೋಣೆಯ ಹೆಸರು, ಶೇಡ್ ನಂಬರ್ ಎರಡನ್ನೂ ಮುಚ್ಚಳದ ಮೇಲೆ ಬರೆದಿಡಿ. ಕ್ಯಾಲೆಂಡರ್ ಮೊಳೆಯ ತೂತು ಮುಚ್ಚಲು ಬೇಕಾಗುತ್ತದೆ.