ಕಡಲು ಹೊಳೆಯುವ ರಾತ್ರಿ: ನೋಡುವುದು ಹೇಗೆ, ಕಾರಣ ಪತ್ತೆ ಮಾಡುವುದು ಹೇಗೆ?

ಮಳೆಗಾಲ ಮುಗಿದು ಕಡಲು ಸ್ವಲ್ಪ ಶಾಂತವಾಗುತ್ತಿದ್ದಂತೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ರಾತ್ರಿ ನೀಲಿಯಾಗಿ ಹೊಳೆಯುವ ಅಲೆಗಳ ವಿಡಿಯೊ ಓಡಾಡಲು ಶುರು. 2020ರ ಕೊನೆಯಲ್ಲಿ ನಮ್ಮ ಕರಾವಳಿಯಲ್ಲಿ ನೀರು ಹೀಗೆ ಹೊಳೆದದ್ದು ದೊಡ್ಡ ಸುದ್ದಿಯೇ ಆಗಿತ್ತು. ಆದರೆ ನೋಡಲು ಹೋದವರಲ್ಲಿ ಅರ್ಧ ಜನ ಬರಿಗೈಯಲ್ಲಿ ವಾಪಸ್. ಕಾರನ್ನು ಮರಳಿನ ತನಕ ತರುವುದು, ಹೆಡ್‌ಲೈಟ್ ಆರಿಸದೇ ಇಳಿಯುವುದು, ಮೊಬೈಲ್ ಟಾರ್ಚನ್ನು ನೀರಿಗೆ ಹಿಡಿದು ಐದು ನಿಮಿಷ ಹುಡುಕುವುದು, ಆಮೇಲೆ "ಎಂತದ್ದೂ ಇಲ್ಲ ಮಾರಾಯ್ರೆ, ಎಲ್ಲ ಎಡಿಟಿಂಗ್" ಎನ್ನುವುದು. ಕಡಲು ಅಲ್ಲೇ ಹೊಳೆಯುತ್ತಿರುತ್ತದೆ. ಇವರ ಕಣ್ಣು ಅದಕ್ಕೆ ತಯಾರಾಗಿರುವುದಿಲ್ಲ, ಅಷ್ಟೇ.

1. ದಿನ ಆರಿಸಿ

ಗೋಡೆಯ ಕ್ಯಾಲೆಂಡರ್ ಸಾಕು. ಬಹುಳ ಅಷ್ಟಮಿಯ ನಂತರ ಚಂದ್ರ ಹುಟ್ಟುವುದೇ ನಡುರಾತ್ರಿ ಹೊತ್ತಿಗೆ. ಅಲ್ಲಿಂದ ಅಮಾವಾಸ್ಯೆವರೆಗೆ ಸಂಜೆಯೆಲ್ಲ ಕತ್ತಲೆ. ಹುಣ್ಣಿಮೆ ಆಸುಪಾಸಿನಲ್ಲಿ ಹೋಗಲೇಬೇಡಿ. ಜೂನ್, ಜುಲೈಯಲ್ಲಿ ಬೋಟುಗಳೇ ಕಡಲಿಗೆ ಇಳಿಯುವುದಿಲ್ಲ, ನೀವು ಯಾಕೆ ಇಳಿಯಬೇಕು?

2. ಜಾಗ ಆರಿಸಿ

ಮಲ್ಪೆಯ ಮುಖ್ಯ ಬೀಚ್ ಬೇಡ, ಅಂಗಡಿಗಳ ಬೆಳಕು ಜಾಸ್ತಿ. ಪಣಂಬೂರಿನಲ್ಲಿ ಬಂದರಿನ ದೀಪಗಳು. ಕಾಪುವಿನ ದೀಪಸ್ತಂಭ 1901ರದ್ದು, ನೋಡಲು ಚೆಂದ, ಆದರೆ ಅದರ ಬೆಳಕು ಸುತ್ತಿ ಸುತ್ತಿ ಬಂದು ಕಣ್ಣು ಕೆಡಿಸುತ್ತದೆ. ನನ್ನನ್ನು ಕೇಳಿದರೆ ಉಡುಪಿ ಬಳಿಯ ಮಟ್ಟು, ಇಲ್ಲವೇ ಪಡುಕೆರೆಯಲ್ಲಿ ಮನೆಗಳು ಕಡಿಮೆ ಇರುವ ಕಡೆ. ಮಂಗಳೂರಿನವರಿಗೆ ಸಸಿಹಿತ್ಲು.

ಹೋಗುವ ಮೊದಲು ಮೀನುಗಾರರನ್ನು ಕೇಳಿ. "ಅಣ್ಣಾ, ನಿನ್ನೆ ಬಲೆ ಎಳೆಯುವಾಗ ನೀರು ಹೊಳೆಯುತ್ತಿತ್ತಾ?" ಇಷ್ಟು ಕೇಳಿದರೆ ಸಾಕು. ರಾತ್ರಿ ನೀರಿನಡಿ ಬಂಗುಡೆಯ ಗುಂಪು ಓಡಿದ ದಾರಿಯನ್ನು ಈ ಹೊಳಪಿನಲ್ಲೇ ಗುರುತಿಸುವವರು ಅವರು. ಎಲ್ಲಿ ಯಾವಾಗ ಹೊಳೆಯುತ್ತದೆ ಎಂದು ಮೊದಲೇ ಹೇಳುತ್ತೇವೆ ಎನ್ನುವ ಆ್ಯಪ್‌ಗಳನ್ನು ನಂಬಬೇಡಿ.

3. ಕಣ್ಣು ತಯಾರು ಮಾಡಿ

ಎಲ್ಲರೂ ಎಡವುವುದು ಇಲ್ಲೇ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮಂದ ಬೆಳಕನ್ನು ಹಿಡಿಯುವ ಕಣ್ಣಿನ ಕೋಶಗಳು ಅಷ್ಟು ನಿಧಾನ. ಮಧ್ಯೆ ಒಂದು ಸಲ ಮೊಬೈಲ್ ಪರದೆ ನೋಡಿದಿರೋ, ಗಡಿಯಾರ ಮತ್ತೆ ಸೊನ್ನೆಯಿಂದ. ಒಬ್ಬರು ಮೆಸೇಜ್ ನೋಡಿದರೆ ಪಕ್ಕದ ನಾಲ್ವರ ಕಣ್ಣೂ ಹಾಳು. ಹಾಗಾಗಿ ಫೋನುಗಳೆಲ್ಲ ಒಂದು ಚೀಲದೊಳಗೆ ಹೋಗಲಿ, ಚೀಲ ಕಾರಿನೊಳಗೆ ಇರಲಿ. ಗುಂಪಿನ ಹಿರಿಯರು ಗದರಿಸಿ ಹೇಳಬೇಕಾದ ಮಾತಿದು. ಒಂದು ಫೋನ್ ಮಾತ್ರ, ಆಪತ್ತಿಗೆಂದು, ಆಫ್ ಮಾಡಿ ಕಿಸೆಯಲ್ಲಿರಲಿ.

ಬೆಳಕು ಬೇಕೇ ಬೇಕೆಂದರೆ ಕೆಂಪು. ಮಂದ ಬೆಳಕಿನ ಕೋಶಗಳಿಗೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಹಾಗಾಗಿ ಕಣ್ಣು ಕೆಡುವುದಿಲ್ಲ. ಸಾದಾ ಟಾರ್ಚಿನ ಗಾಜಿಗೆ ಕೆಂಪು ಜಿಲೆಟಿನ್ ಕಾಗದ ನಾಲ್ಕು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿದರೆ ಮುಗಿಯಿತು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಹೆಡ್‌ಲ್ಯಾಂಪ್ ತರಬೇಡಿ. ಅವುಗಳಲ್ಲಿ ಹಲವು ಮೊದಲು ಬಿಳಿ ಬೆಳಕು ಚೆಲ್ಲಿ ಆಮೇಲೆ ಕೆಂಪಿಗೆ ಹೋಗುತ್ತವೆ. ಅರ್ಧ ಗಂಟೆಯ ಕೆಲಸ ಒಂದು ಸಲ ಗುಂಡಿ ಒತ್ತಿದರೆ ನೀರುಪಾಲು. ದೂರದಿಂದ ಬೈಕ್ ಬೆಳಕು ಬಂದರೆ ಒಂದು ಕಣ್ಣನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಳ್ಳಿ. ಆ ಕಣ್ಣಾದರೂ ಉಳಿಯುತ್ತದೆ.

ಆಮೇಲೆ, ನೆಟ್ಟ ನೋಟ ಬೇಡ. ದಿಟ್ಟಿಸಿದ ಜಾಗದಲ್ಲಿ ಮಂದ ಬೆಳಕು ಕಾಣುವುದು ಕಷ್ಟ. ಅಲೆ ಒಡೆಯುವಲ್ಲಿಂದ ಸ್ವಲ್ಪ ಪಕ್ಕಕ್ಕೆ ನೋಡಿ, ಕಣ್ಣಂಚಿನಲ್ಲಿ ಸಿಗುತ್ತದೆ. ವಿಡಿಯೊದ ಕಡುನೀಲಿಯನ್ನೂ ನಿರೀಕ್ಷಿಸಬೇಡಿ. ಬರಿಗಣ್ಣಿಗೆ ಹೆಚ್ಚಾಗಿ ಬಿಳಚು ನೀಲಿಯೇ ಕಾಣುವುದು.

4. ಕಾರಣ ಪತ್ತೆ ಮಾಡಿ

ಮೊದಲು ಕಾಣುವುದು ನೊರೆ. ನೊರೆಯನ್ನು ನಂಬಬೇಡಿ. ಊರಿನ ದೂರದ ಬೆಳಕು ಬಿದ್ದರೂ ಅದು ಹೊಳೆದ ಹಾಗೆ ಕಾಣುತ್ತದೆ. ನೊರೆ ಇಲ್ಲದ ಕಡೆ ಮೊಣಕಾಲಿಗಿಂತ ಕೆಳಗಿನ ನೀರಲ್ಲಿ ನಿಂತು, ಬೆರಳು ಬಿಡಿಸಿ, ನೀರಿನಡಿ ಕೈ ಆಡಿಸಿ. ಬೆರಳ ಹಿಂದೆ ಕಿಡಿ ಕಿಡಿಯಾಗಿ ಬೆಳಕು ಎದ್ದು ಆರಿದರೆ ಅದು ಅಸಲಿ. ಅಲೆ ಸರಿದ ಒದ್ದೆ ಮರಳನ್ನು ಕಾಲಿನಿಂದ ಒತ್ತಿದರೆ ಹೆಜ್ಜೆಯ ಸುತ್ತಲೂ ಚುಕ್ಕೆಗಳು ಮಿಣುಕುತ್ತವೆ.

ಹೀಗೆ ಮುಟ್ಟಿದಾಗ ಮಾತ್ರ ಹೊಳೆದರೆ ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಅದು ನಾಕ್ಟಿಲೂಕಾ ಎಂಬ ಏಕಕೋಶ ಜೀವಿ. ನೀರಿನಲ್ಲಿರುವ ರಂಜಕ (ಫಾಸ್ಫರಸ್) ಹೊಳೆಯುತ್ತದೆ ಎನ್ನುವವರಿದ್ದಾರೆ, ಆದರೆ ಇದರಲ್ಲಿ ಅದರ ಪಾತ್ರವೇನೂ ಇಲ್ಲ. ಜೀವಿಯೊಳಗಿನ ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಸೇರಿದಾಗ ಬೆಳಕು ಬರುತ್ತದೆ. ಒಂದೊಂದು ಮಿಂಚು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ತಿನ್ನಲು ಬಂದ ಪುಟ್ಟ ಜೀವಿಯನ್ನು ಬೆಚ್ಚಿಸಲು, ಅಥವಾ ಅದು ದೊಡ್ಡ ಮೀನಿನ ಕಣ್ಣಿಗೆ ಬೀಳುವಂತೆ ಮಾಡಲು ಈ ಬೆಳಕು ಎಂದು ವಿಜ್ಞಾನಿಗಳ ಅಂದಾಜು. ಮುಂಗಾರಿನಲ್ಲಿ ಕಡಲಡಿಯ ತಣ್ಣನೆ ನೀರು ಮೇಲೆದ್ದು, ಹೊಳೆಗಳ ನೀರೂ ಸೇರಿ, ಪೋಷಕಾಂಶ ಹೆಚ್ಚುತ್ತದೆ. ಅದರಿಂದ ಸೂಕ್ಷ್ಮ ಪಾಚಿ ಬೆಳೆಯುತ್ತದೆ. ಅದನ್ನು ತಿಂದು ಇವು ಲೆಕ್ಕವಿಲ್ಲದಷ್ಟಾಗುತ್ತವೆ.

ಖಾತ್ರಿ ಬೇಕಿದ್ದರೆ ಪಾರದರ್ಶಕ ಬಾಟಲಿಯಲ್ಲಿ ನೀರು ತುಂಬಿ, ಹತ್ತು ನಿಮಿಷ ಅಲುಗಾಡಿಸದೆ ಇಡಿ. ಕತ್ತಲಾದರೆ ಸರಿ. ಮೆಲ್ಲಗೆ ಓರೆ ಮಾಡಿ, ಬಿಡಿ ಬಿಡಿ ಕಿಡಿ ಕಂಡರೆ ನಾಕ್ಟಿಲೂಕಾ. ಬೆಳಿಗ್ಗೆ ಅದೇ ಬಾಟಲಿಯ ಮೇಲ್ಭಾಗದಲ್ಲಿ ಸಣ್ಣ ಬೆಳ್ಳನೆಯ ಕಾಳುಗಳು ತೇಲುತ್ತಿರುತ್ತವೆ, ದೊಡ್ಡವು ಒಂದು ಮಿಲಿಮೀಟರ್‌ ತನಕ. ಕಿಡಿ ಕಾಣದೆ ಮಂಜಿನಂತೆ ಹೊಳೆದರೆ ಇನ್ನೂ ಸಣ್ಣ ಜಾತಿಗಳು. ಒಂದು ಲೋಟ ನೀರಿಗೆ ನಾಲ್ಕು ಹನಿ ವಿನೆಗರ್ ಹಾಕಿದರೆ ಆಮ್ಲಕ್ಕೆ ಎಲ್ಲವೂ ಒಟ್ಟಿಗೆ ಹೊತ್ತಿಕೊಂಡು ಆರುತ್ತವೆ. ಅಲ್ಲಿಗೆ ಅವು ಸತ್ತ ಹಾಗೆಯೇ. ಮಕ್ಕಳಿಗೆ ತೋರಿಸಲು ಒಂದು ಲೋಟ ಸಾಕು, ಬಕೆಟ್ ಬೇಡ.

ಅಲುಗಾಡಿಸದೆಯೂ ಸತತವಾಗಿ ಬೆಳಗುವ ನೀರು ಬೇರೆಯೇ ಕಥೆ. ಅದು ಬ್ಯಾಕ್ಟೀರಿಯಾದ ಕೆಲಸ. ನಾವಿಕರು ಹಾಲುಗಡಲು ಎನ್ನುವುದು ಇದನ್ನೇ. 1995ರ ಜನವರಿಯಲ್ಲಿ ಸೊಮಾಲಿಯಾ ಕಡೆ ಹಡಗೊಂದು ಕಂಡ ಇಂಥ ಕಡಲು ಉಪಗ್ರಹ ಚಿತ್ರದಲ್ಲೂ ಸಿಕ್ಕಿತ್ತು, ಸುಮಾರು 15,400 ಚದರ ಕಿಲೋಮೀಟರ್ ವಿಸ್ತಾರ. ಮಟ್ಟುವಿನಲ್ಲಿ ನಿಂತು ಇದನ್ನು ಕಾಣುವ ಆಸೆ ಬಿಡಿ. ದೂರದ ದಿಗಂತದಲ್ಲಿ ಹಸಿರು ಬೆಳಕು ಹರಡಿದ್ದರೆ ಅದು ಲೈಟ್ ಫಿಶಿಂಗ್, ಅಂದರೆ ಪ್ರಖರ ದೀಪದಿಂದ ಮೀನು ಸೆಳೆದು ಹಿಡಿಯುವ ಬೋಟಿನದ್ದಿರಬಹುದು. 2017ರಲ್ಲೇ ಇದಕ್ಕೆ ನಿಷೇಧ ಬಂದಿದೆ, ಆದರೂ ಇದರ ಜಗಳ ಬಂದರಿನಲ್ಲಿ ಇನ್ನೂ ಮುಗಿದಿಲ್ಲ.

5. ನೀರಿಗೆ ಇಳಿಯಬಹುದೇ?

ಹಗಲಲ್ಲೇ ಒಮ್ಮೆ ನೋಡಿ ಬನ್ನಿ. ನೀರು ಟೊಮೆಟೊ ಸಾರಿನ ಹಾಗೆ ಕೆಂಪಾಗಿದ್ದರೆ, ಮೀನು ಸತ್ತು ದಡಕ್ಕೆ ಬಂದಿದ್ದರೆ ಇಳಿಯಬೇಡಿ. ನಾಕ್ಟಿಲೂಕಾ ತನ್ನೊಳಗೆ ಅಮೋನಿಯಾ ತುಂಬಿಕೊಂಡಿರುತ್ತದೆ, ಜಾಸ್ತಿಯಾದರೆ ಮೀನಿಗೇ ಆಗಿಬರುವುದಿಲ್ಲ. ಇಲ್ಲದಿದ್ದರೆ ಮೊಣಕಾಲಿನವರೆಗೆ ಸಾಕು. ರಾತ್ರಿ ಈಜು ಯಾವ ಕಾರಣಕ್ಕೂ ಬೇಡ. ಲೋಳೆಮೀನು ಕುಟುಕಿದರೂ ಕತ್ತಲಲ್ಲಿ ಗೊತ್ತಾಗುವುದು ಕುಟುಕಿದ ಮೇಲೆಯೇ.

6. ಫೋಟೊ

ಕಣ್ತುಂಬ ನೋಡಿಯಾದ ಮೇಲೆ ಮಾತ್ರ ಕಾರಿನಿಂದ ಚೀಲ ತನ್ನಿ. ಟ್ರೈಪಾಡ್ ಇಲ್ಲದೆ ಪ್ರಯತ್ನಿಸಬೇಡಿ. ಪ್ರೊ ಮೋಡ್‌ನಲ್ಲಿ ಐಎಸ್ಒ 1600ರಿಂದ 3200, ಶಟರ್ 10 ಸೆಕೆಂಡ್, ಫೋಕಸ್ ಅನಂತಕ್ಕೆ, ಟೈಮರ್ 3 ಸೆಕೆಂಡ್, ಪರದೆಯ ಬೆಳಕು ಕನಿಷ್ಠ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಲೆನ್ಸ್ ಇರುವ ಬೆಳಕನ್ನೂ ತಿನ್ನುತ್ತದೆ. ಫ್ಲ್ಯಾಶ್ ಆಫ್ ಆಗಿದೆಯೇ ಎಂದು ಮನೆಯಲ್ಲೇ ಎರಡು ಸಲ ನೋಡಿಕೊಂಡು ಬನ್ನಿ. ಇಲ್ಲದಿದ್ದರೆ ಅರ್ಧ ಗಂಟೆ ಕತ್ತಲೆಯಲ್ಲಿ ಕೂತ ಪಕ್ಕದವರು ಬೈಯದೆ ಬಿಡುವುದಿಲ್ಲ.