ಕಾಫಿ ತೋಟಕ್ಕೆ ಬೋರರ್ ನಕ್ಷೆ: ನಾನು ಮಾಡಿದ ರೀತಿ

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಅರೇಬಿಕಾ ಸುಮಾರು 30 ಎಕರೆ. ಹೆಚ್ಚಿನದು ಎಸ್.795 ತಳಿ, ಹಡ್ಲಿನ (ತಗ್ಗಿನ ಗದ್ದೆಬಯಲಿನ) ಮಗ್ಗುಲಲ್ಲಿ ಸ್ವಲ್ಪ ಚಂದ್ರಗಿರಿ ತಳಿ. ಬೋರರ್, ಅಂದರೆ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳು, ಹೊಕ್ಕ ಗಿಡಗಳನ್ನು ವರ್ಷಕ್ಕೆ 1,500ರ ಆಸುಪಾಸು ಕಿತ್ತು ಸುಡುತ್ತಿದ್ದೆವು. ಈಗ 500ರ ಹತ್ತಿರ ಬಂದಿದೆ. ಔಷಧಿ, ಆಳು, ಸುಣ್ಣ ಎಲ್ಲ ಹಳೆಯವೇ. ಎಲ್ಲಿ ಮೊದಲು ಕೈ ಹಾಕಬೇಕು ಎಂದು ಹೇಳುವ ಸಾಂದ್ರತೆಯ ನಕ್ಷೆಯೊಂದೇ ಹೊಸತು.

ಶುರು ಮಾಡಿದಾಗ ಪಕ್ಕದ ತೋಟದವರು, "ಗೌಡ್ರೇ, ಬೋರರ್ ಗಿಡ ಕಣ್ಣಿಗೇ ಕಾಣುತ್ತೆ, ಅದಕ್ಯಾಕೆ ಮ್ಯಾಪು?" ಎಂದರು. ಕಾಣುತ್ತದೆ ನಿಜ. ಆದರೆ ಕಾಂಡದ ಮೇಲೆ ಏಣು (ಉಬ್ಬುಗೆರೆ) ಎದ್ದು ಕಾಣುವ ಹೊತ್ತಿಗೆ ಹುಳು ಒಳಗೆ ಸೇರಿ ತಿಂಗಳುಗಳೇ ಆಗಿರುತ್ತವೆ. ಮುಂದಿನ ಹಾರಾಟದಲ್ಲಿ, ಅಂದರೆ ಹುಳು ದುಂಬಿಯಾಗಿ ಹೊರಬಂದು ಹಾರುವ ಕಾಲದಲ್ಲಿ, ಅದು ಎಲ್ಲಿ ಮೊಟ್ಟೆ ಇಡುತ್ತದೆ ಎನ್ನುವುದು ನನಗೆ ಬೇಕಿತ್ತು.

ಮೊದಲು ಫೋನಿನಲ್ಲಿ ಒಂದೊಂದು ಗಿಡಕ್ಕೂ ಪಾಯಿಂಟ್ ಹಾಕಿಸಿದೆ. ಮರದ ನೆರಳಿನಡಿ ಜಿಪಿಎಸ್ ಹತ್ತು ಹದಿನೈದು ಮೀಟರ್ ಆಚೀಚೆ ಓಡುತ್ತದೆ, ಗಿಡಗಳ ನಡುವೆ ಇರುವುದು ಆರೇ ಅಡಿ. ಅದನ್ನು ಬಿಟ್ಟು ತೋಟವನ್ನು ಹತ್ತು ಸಾಲು, ಹತ್ತು ಗಿಡದ ಚೌಕಗಳಾಗಿ ಮಾಡಿ, ಮೂಲೆಯ ಸಿಲ್ವರ್ ಓಕ್‌ಗಳಿಗೆ ಪೇಂಟಿನಲ್ಲಿ ನಂಬರ್ ಬರೆಸಿದೆ. ಟ್ರೇಸಿಂಗ್ ಮಾಡುವವರು, ಅಂದರೆ ಗಿಡಗಿಡವನ್ನೂ ನೋಡಿ ಬೋರರ್ ಹೊಕ್ಕಿದ್ದನ್ನು ಪತ್ತೆ ಹಚ್ಚುವ ಆಳುಗಳು, ಚೌಕದ ನಂಬರ್, ಬೋರರ್ ಗಿಡ ಎಷ್ಟು, ನಿಂತ ಗಿಡ ಎಷ್ಟು, ಇಷ್ಟನ್ನೇ ಹೇಳುತ್ತಾರೆ, ತೋಟದ ಲೆಕ್ಕ ಬರೆಯುವ ರೈಟರ್ ಬರೆದುಕೊಳ್ಳುತ್ತಾನೆ. ಪೇಂಟು, ಕೂಲಿ ಸೇರಿ ಆರೇಳು ಸಾವಿರ ಆಗಿರಬಹುದು.

ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆಗೆದ ಮೊದಲ ಹೀಟ್‌ಮ್ಯಾಪ್ (ಬೋರರ್ ಗಿಡ ಹೆಚ್ಚಿದ್ದಲ್ಲಿ ಕೆಂಪಾಗುವ ಸಾಂದ್ರತೆಯ ನಕ್ಷೆ) ಕೆಲಸಕ್ಕೆ ಬರಲಿಲ್ಲ. ಗಿಡ ಒತ್ತಾಗಿರುವ ಕಡೆಯೆಲ್ಲ ಕೆಂಪು, ಬೇಲಿಯಂಚೆಲ್ಲ ತಣ್ಣಗೆ. ಬೇಲಿಯಾಚೆ ನಮ್ಮ ಗಿಡವೇ ಇಲ್ಲದ್ದರಿಂದ ಅಂಚಿನಲ್ಲಿ ಸಾಂದ್ರತೆ ತಾನಾಗಿ ಕುಸಿಯುತ್ತದೆ. ನಿಂತ ಗಿಡಗಳದ್ದೂ ಅದೇ ರೇಡಿಯಸ್‌ನಲ್ಲಿ ಇನ್ನೊಂದು ಹೀಟ್‌ಮ್ಯಾಪ್ ತೆಗೆದು, ನಕ್ಷೆಗಳ ನಡುವೆ ಲೆಕ್ಕ ಮಾಡುವ ಅದರ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದೆ. ಆಗ ನಕ್ಷೆ ಪೂರ್ತಿ ಬದಲಾಯಿತು. ಪಕ್ಕದವರು ಮರ ಕಡಿಸಿದ್ದ ಜಾಗಕ್ಕೆ ತಾಗಿದ ನಮ್ಮ ಅಂಚು, ಈ ದುಂಬಿಗೆ ಇಷ್ಟವಾದ ಬಿಸಿಲು ನೇರವಾಗಿ ಬೀಳುವ ಜಾಗ, ಇಡೀ ತೋಟದಲ್ಲೇ ಹೆಚ್ಚು ಕೆಂಪಾಯಿತು. ಭಾಗಿಸದೆ ಯಾರೂ ಈ ನಕ್ಷೆಯನ್ನು ನಂಬಬೇಡಿ.

ರೇಡಿಯಸ್, ಅಂದರೆ ಒಂದು ಚೌಕದ ಲೆಕ್ಕವನ್ನು ಸುತ್ತ ಎಷ್ಟು ದೂರ ಹರಡಬೇಕು ಎನ್ನುವ ವಿಷಯದಲ್ಲಿ ತುಂಬ ದಿನ ಒದ್ದಾಡಿದೆ. 25 ಮೀಟರ್ ಕೊಟ್ಟರೆ ಬರೀ ಚುಕ್ಕೆ, 150 ಕೊಟ್ಟರೆ ತೋಟವೆಲ್ಲ ಒಂದೇ ಬಣ್ಣ. ನಮ್ಮ ಇಳಿಜಾರಿಗೆ 50ರ ಹತ್ತಿರ ಸರಿಬಂತು. ಗಿಡ ಸತ್ತು ಖಾಲಿ ಬಿದ್ದ ಚೌಕಗಳಲ್ಲಿ ನಾಲ್ಕು ಗಿಡಕ್ಕೆ ಎರಡು ಬೋರರ್ ಸಿಕ್ಕಿದರೂ ಕಡುಗೆಂಪು ಬರುತ್ತದೆ. ಅಂಥವನ್ನು ಬೇರೆಯಾಗಿ ಗುರುತಿಸಿಟ್ಟು ಖುದ್ದು ಹೋಗಿ ನೋಡುತ್ತೇನೆ. ಇನ್ನೊಂದು ತೊಡಕು ಆಳುಗಳದ್ದು. ಚುರುಕು ಕಣ್ಣಿನವರು ಟ್ರೇಸ್ ಮಾಡಿದ ಬ್ಲಾಕ್ ಯಾವಾಗಲೂ ಕೆಂಪೇ. ಅದಕ್ಕೆ ಗುಂಪುಗಳನ್ನು ಅದಲುಬದಲು ಮಾಡಿ, ಅಲ್ಲೊಂದು ಇಲ್ಲೊಂದು ಚೌಕವನ್ನು ಮೇಸ್ತ್ರಿಯಿಂದ ಮತ್ತೆ ನೋಡಿಸುತ್ತೇನೆ.

ನಡುವೆ ಡ್ರೋನ್ ಬಾಡಿಗೆಗೆ ತರಿಸಿ ಹದಿನೈದು ಸಾವಿರ ಸುರಿದೆ. ಮೇಲಿನಿಂದ ಕಂಡಿದ್ದು ನೆರಳು ಮರದ ತಲೆಗಳು, ಕೆಳಗಿನ ಕಾಫಿ ಕಾಣಲೇ ಇಲ್ಲ. ಆದರೆ ಮರಗಳ ನಡುವಿನ ಸಂದುಗಳು ಚೆನ್ನಾಗಿ ಸಿಕ್ಕವು. ಅವನ್ನು ನಕ್ಷೆಯ ಮೇಲೆ ಕೂರಿಸಿದಾಗ ಕೆಂಪೂ ಸಂದೂ ಬಹುಪಾಲು ಒಂದರ ಮೇಲೊಂದು ಬಿದ್ದವು. ನಕ್ಷೆಯ ಲೆಕ್ಕದಲ್ಲಿ ಆ ಸಂದುಗಳಿಗೆ ಎಷ್ಟು ತೂಕ ಕೊಡುತ್ತೇನೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಇನ್ನೂ ಒಂದೆರಡು ಹಾರಾಟದಲ್ಲಿ ಪರೀಕ್ಷೆಯಾಗಲಿ. ವಾಸನೆಯಿಂದ ದುಂಬಿಯನ್ನು ಸೆಳೆದು ಹಿಡಿಯುವ ಫೆರೊಮೋನ್ ಟ್ರ್ಯಾಪ್ ಎಣಿಕೆಯಿಂದಲೂ ನಕ್ಷೆ ಮಾಡಿ ನೋಡಿದೆ. ಟ್ರ್ಯಾಪನ್ನು ಬಿಸಿಲಿಗೆ ಕಟ್ಟಿದರೆ ಒಂದು ಲೆಕ್ಕ, ನೆರಳಿಗೆ ಕಟ್ಟಿದರೆ ಇನ್ನೊಂದು. ಕೈಬಿಟ್ಟೆ.

ನಂಬಿಕೆ ಬಂದಿದ್ದು ಹೀಗೆ: ಸೆಪ್ಟೆಂಬರ್ ಟ್ರೇಸಿಂಗ್‌ನ ನಕ್ಷೆಯನ್ನು ಎತ್ತಿಟ್ಟು, ಮಾರ್ಚ್‌ನಲ್ಲಿ ಸಿಕ್ಕ ಗಿಡಗಳನ್ನು ಅದರ ಮೇಲೆ ಹಾಕಿದೆ. ತೋಟದ ಐದನೇ ಒಂದು ಭಾಗದಷ್ಟಿದ್ದ ಕೆಂಪಿನಲ್ಲೇ ಅರ್ಧಕ್ಕಿಂತ ಹೆಚ್ಚು ಗಿಡ ಬಿದ್ದಿದ್ದವು. ಮರುವರ್ಷವೂ ಹಾಗೇ ಆಯಿತು. ಮ್ಯಾಪು ಯಾಕೆ ಎಂದಿದ್ದವರು ಈಗ ತಮ್ಮ ತೋಟಕ್ಕೂ ನಂಬರ್ ಬರೆಸುತ್ತಿದ್ದಾರೆ.

ಟ್ರೇಸಿಂಗ್ ಮಾತ್ರ ಈಗಲೂ ಎಲ್ಲ ಎಕರೆಗೂ ಮಾಡಿಸುತ್ತೇನೆ, ಅದರಲ್ಲಿ ಉಳಿತಾಯ ನೋಡುವುದಿಲ್ಲ. ತೊಗಟೆ ಉಜ್ಜಿಸುವುದು, 200 ಲೀಟರಿಗೆ 20 ಕಿಲೋ ಸುಣ್ಣ ಬೆರೆಸಿ ಹೊಡೆಸುವುದು ಕೆಂಪು ಮತ್ತು ಅದರ ಸುತ್ತಿನ ಒಂಬತ್ತು ಹತ್ತು ಎಕರೆಗೆ ಸಾಕಾಗಿದೆ. ಎಕರೆಗೆ ಮೂರು ಸಾವಿರ ಹಿಡಿದರೂ ಅರವತ್ತು ಸಾವಿರ ಉಳಿಯಿತು, ಏಪ್ರಿಲ್ ಹಾರಾಟಕ್ಕೆ ಮುಂಚೆ ಕೆಲಸವೂ ಮುಗಿಯಿತು. ಮರಗಸಿಗೂ (ನೆರಳು ಮರದ ಕೊಂಬೆ ಕಡಿಸುವುದಕ್ಕೂ) ಈಗ ನಕ್ಷೆ ಹಿಡಿದೇ ಹೋಗುತ್ತೇನೆ: ಕೆಂಪಿನಲ್ಲಿ ಕೊಂಬೆ ಮುಟ್ಟಿಸುವುದಿಲ್ಲ, ಸಂದುಗಳಿಗೆ ನೆರಳಿಗಾಗಿ ಹಾಲುವಾಣ ಮರದ ಗೂಟ ನೆಡಿಸಿದ್ದೇನೆ. ಪಶ್ಚಿಮದ ಇಳಿಜಾರಿನ ಸಿಲ್ವರ್ ಓಕ್‌ಗೆ ಮರದ ವ್ಯಾಪಾರಿ ಒಳ್ಳೆಯ ಬೆಲೆ ಹೇಳಿದ್ದರು, ಕೊಡಲಿಲ್ಲ.